ಡಬ್ಬದ ಪುಡಿ ಕೊಡುವ ಮೊದಲು ಮಾತ್ರೆಯ ಹೊತ್ತು ಕೇಳಿ

ಮಾನ್ಯ ಸಂಪಾದಕರೇ,

ಆಲ್ದೂರಿನ ಹತ್ತಿರದ ನಮ್ಮ ತೋಟದಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ಈಗ 71 ವರ್ಷ. ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ಕೈ ನಡುಕಕ್ಕಿಂತ ಅವರನ್ನು ಜಾಸ್ತಿ ಕಾಡುವುದು ಕಾಲು. ಹೊಸ್ತಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಈ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆ ದಿನಕ್ಕೆ ನಾಲ್ಕು ಸಲ. ಬೆಳಿಗ್ಗೆ 7 ಗಂಟೆಯ ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ತಾವೇ ಅಂಗಿಯ ಗುಂಡಿ ಹಾಕಿಕೊಂಡು ಕಣಕ್ಕೆ ಹೋಗುತ್ತಿದ್ದರು. ಒಣಹಾಕಿದ ಕಾಫಿ ಕೈಯಾಡಿಸಿ, ಆಳುಗಳ ಜೊತೆ ನಾಲ್ಕು ಮಾತಾಡಿ ತಿಂಡಿಗೆ ವಾಪಸ್ ಬರುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲು ಜೋರಾಗಿದ್ದಾಗ, ಇದೆಲ್ಲ ನಿಂತುಹೋಯಿತು. ಒಂಬತ್ತಾದರೂ ಗುಂಡಿ ಹಾಕಲು ಆಗುತ್ತಿರಲಿಲ್ಲ. ಒಂದು ದಿನ ಬಚ್ಚಲ ಹೊಸ್ತಿಲಲ್ಲಿ ಬಿದ್ದು ಹಣೆಗೆ ಮೂರು ಹೊಲಿಗೆ ಹಾಕಿಸಬೇಕಾಯಿತು. ಕಾಯಿಲೆ ಮುಂದುವರಿಯಿತು ಅಂತಲೇ ನಾವೆಲ್ಲ ಅಂದುಕೊಂಡೆವು. ಮಾತ್ರೆ ಜಾಸ್ತಿ ಮಾಡಿಸೋಣ ಅಂತ ಹಾಸನಕ್ಕೆ ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಜಾಸ್ತಿ ಮಾಡಲಿಲ್ಲ. ಒಂದು ವಾರ ಎಲ್ಲವನ್ನೂ ಬರೆದು ತನ್ನಿ ಅಂದರು. ಮಾತ್ರೆ ಯಾವಾಗ, ಊಟ ಯಾವಾಗ, ಕೈಕಾಲು ಸಡಿಲವಾಗಿದ್ದು ಯಾವಾಗ, ಬಿಗಿಯಾಗಿದ್ದು ಯಾವಾಗ.

ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಬರೆದೆ. ಏಳು ದಿನದಲ್ಲಿ ಆರು ದಿನ ಬೆಳಿಗ್ಗೆ ಒಂದೇ ಕಥೆ. ಒಂದು ದಿನ ಮಾತ್ರ 7ಕ್ಕೆ ಮಾತ್ರೆ, 7.45ಕ್ಕೆ ಎದ್ದು ಅವರೇ ಶೇವ್ ಮಾಡಿಕೊಂಡರು. ಅವತ್ತು ಏಕಾದಶಿ. ಬರೀ ನೀರಿನಲ್ಲಿ ಮಾತ್ರೆ ನುಂಗಿದ್ದರು, ಆಮೇಲೆ ಎರಡು ಬಾಳೆಹಣ್ಣು. ಹಾಲು ಇಲ್ಲ, ಪುಡಿ ಇಲ್ಲ.

ಆ ಪುಡಿಯ ವಿಷಯ ಹೇಳಬೇಕು. ಯಜಮಾನರು ಸೊರಗಿದ್ದಾರೆ ಅಂತ ನಮ್ಮ ನೆಂಟರ ಹುಡುಗ ಪ್ರೀತಿಯಿಂದ ತಂದುಕೊಟ್ಟ ಡಬ್ಬ ಅದು. ಚಿಕ್ಕಮಗಳೂರಿನಲ್ಲಿ ಜಿಮ್‌ಗೆ ಹೋಗುವ ಹುಡುಗ. ಅಮೈನೋ ಆಮ್ಲದ ಪುಡಿ, ಬಿಸಿಎಎ ಅಂತಾರೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಮೂರೂ ಸೇರಿದ್ದು. ನಾನು ದಿನಾ ಬೆಳಿಗ್ಗೆ ಒಂದು ಅಳತೆ ಹಾಲಿಗೆ ಬೆರೆಸಿ, ಅದೇ ಹಾಲಿನಲ್ಲಿ ಮಾತ್ರೆ ನುಂಗಿಸುತ್ತಿದ್ದೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ. 20 ಅಮೈನೋ ಆಮ್ಲಗಳು ಮಣಿಯ ಹಾಗೆ, ಪ್ರೋಟೀನ್ ಆ ಮಣಿಗಳ ಸರ ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೂ ಇದು ಆಹಾರ, ಇದರಿಂದ ಏನಾಗುತ್ತದೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ವೈದ್ಯರು ಕೊಡುವ ಪಟ್ಟಿಯಲ್ಲಿ ಇಲ್ಲದ್ದನ್ನು ವೈದ್ಯರಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಪುಸ್ತಕ ನೋಡಿದ ಕೂಡಲೇ ವೈದ್ಯರು ಏಕಾದಶಿಯ ಸಾಲಿನ ಮೇಲೆ ಬೆರಳಿಟ್ಟರು. ಲೆವೊಡೋಪವೂ ಒಂದು ಅಮೈನೋ ಆಮ್ಲವೇ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಅದು ಹೋಗಬೇಕಾದ ಬಾಗಿಲೂ, ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಮುಂತಾದವು ಹೋಗುವ ಬಾಗಿಲೂ ಒಂದೇ. ಪುಡಿಯಲ್ಲಿ ಅವು ಗ್ರಾಂ ಲೆಕ್ಕದಲ್ಲಿ ಇರುತ್ತವೆ, ಮಾತ್ರೆಯಲ್ಲಿ ಲೆವೊಡೋಪ 100 ಮಿಲಿಗ್ರಾಂ. ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ಹೇಗೋ ಹಾಗೆ. ಮಾತ್ರೆ ಹೊಟ್ಟೆಯಲ್ಲಿದೆ, ಮಿದುಳಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ.

ಈಗ ಬೆಳಿಗ್ಗೆ ಆರೂವರೆಗೆ ಬರೀ ನೀರಿನಲ್ಲಿ ಮಾತ್ರೆ. ತಿಂಡಿ ಏಳೂಕಾಲಿಗೆ. ಮಧ್ಯಾಹ್ನವೂ ಮಾತ್ರೆಗೂ ಊಟಕ್ಕೂ ಅಷ್ಟೇ ಅಂತರ ಇಟ್ಟಿದ್ದೇವೆ. ಕಾಳು, ಮೊಟ್ಟೆ, ಹಾಲು ಯಾವುದನ್ನೂ ಬಿಡಿಸಿಲ್ಲ. ಈ ವಯಸ್ಸಿನಲ್ಲಿ ಪ್ರೋಟೀನ್ ಬಿಟ್ಟರೆ ಮಾಂಸಖಂಡ ಇನ್ನೂ ಕರಗುತ್ತದೆ ಅಂತ ವೈದ್ಯರು ಒತ್ತಿ ಹೇಳಿದರು. ಹೆಚ್ಚಿನ ಪಾಲು ರಾತ್ರಿ ಊಟಕ್ಕೆ ಹಾಕಿದ್ದೇವೆ, ಅಷ್ಟೇ. ಕಬ್ಬಿಣದ ಮಾತ್ರೆಯೂ ಲೆವೊಡೋಪದ ಜೊತೆ ಬೇಡವಂತೆ, ಎರಡು ಗಂಟೆ ದೂರ ಇಡುತ್ತಿದ್ದೇನೆ. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿಯೇ ಏರಿಸಬೇಡಿ, ನಿಲ್ಲಿಸಲೂ ಬೇಡಿ. ಲೆವೊಡೋಪ ಒಮ್ಮೆಗೇ ನಿಲ್ಲಿಸಿದರೆ ಮೈಯೆಲ್ಲ ಮರಗಟ್ಟಿ, ಜ್ವರ ಏರಿ, ಪ್ರಾಣಕ್ಕೇ ಬರಬಹುದು.

ಇನ್ನೊಂದು ವಿಷಯ ನಮ್ಮ ಮಲೆನಾಡಿನವರಿಗೆ ಗೊತ್ತಿರಲೇಬೇಕು. ಪಕ್ಕದ ತೋಟದವರು ಈ ಕಾಯಿಲೆಗೆ ಒಳ್ಳೆಯದು ಅಂತ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ಮುಟ್ಟಿದರೆ ತುರಿಸುವ ಅದೇ ನಸುಗುನ್ನಿ. ಅವರ ಮಾತು ಪೂರ್ತಿ ಸುಳ್ಳಲ್ಲ. ಆ ಬೀಜದಲ್ಲಿ ಇರುವುದು ಲೆವೊಡೋಪವೇ. ತೊಂದರೆ ಇರುವುದೂ ಅಲ್ಲೇ. ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಒಂದೇ ಔಷಧಿ ಎರಡು ಕಡೆಯಿಂದ ಬಿತ್ತು ಅಂತಾಯಿತು. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅನ್ನುವುದು ಪ್ಯಾಕೆಟ್ಟಿಂದ ಪ್ಯಾಕೆಟ್ಟಿಗೆ ಬೇರೆ. ವಾಂತಿ, ಬಿಪಿ ಇಳಿಯುವುದು, ಕೈಕಾಲು ತಾನಾಗಿಯೇ ಕುಣಿಯುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ಇವೆಲ್ಲ ಆಗಬಹುದು. ನಾನು ಕೊಡಲಿಲ್ಲ. ವೈದ್ಯರನ್ನು ಕೇಳಿಯೇ ನಿರ್ಧರಿಸಿದೆ.

ಪಾರ್ಕಿನ್ಸನ್ ಇಲ್ಲದವರೂ ಸ್ವಲ್ಪ ಗಮನಿಸಿ. ನಿದ್ದೆಗೆ ಅಂತ ಮಾರುವ ಟ್ರಿಪ್ಟೊಫ್ಯಾನ್, 5-ಎಚ್‌ಟಿಪಿ ಇವನ್ನು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಸೇರಿಸಿಕೊಳ್ಳುವುದು ಅಪಾಯ. ಕಿಡ್ನಿ, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬಾರದು. ಅರ್ಜಿನೈನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಹೃದಯಕ್ಕೆ ಒಳ್ಳೆಯದು ಅಂತ ಸುಮ್ನೆ ನಂಬುವವರಿದ್ದಾರೆ. ಹಾರ್ಟ್ ಅಟ್ಯಾಕ್ ಆದವರಿಗೆ ಅದನ್ನು ಕೊಟ್ಟು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಅರ್ಜಿನೈನ್ ತೆಗೆದುಕೊಂಡವರಲ್ಲಿ ಆರು ಜನ ತೀರಿಕೊಂಡರು, ಕೊಡದೆ ಇದ್ದವರಲ್ಲಿ ಒಬ್ಬರೂ ಇಲ್ಲ. ಪ್ರಯೋಗಕ್ಕೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿದರು. 2006ರಲ್ಲಿ ಪ್ರಕಟವಾದ ವಿಷಯ ಇದು.

ಮನೆಗೆ ಬಂದು ಆ ಡಬ್ಬವನ್ನು ಭೂತಗನ್ನಡಿ ಹಿಡಿದು ಓದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತು, ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರು ಇತ್ತು. ಔಷಧಿಯಾಗಿ ಬಳಸಬಾರದು, ದಿನದ ಪ್ರಮಾಣ ಮೀರಬಾರದು ಅಂತಲೂ ಇತ್ತು. ಎಲ್ಲ ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ. ಲೆವೊಡೋಪ ಅನ್ನುವ ಪದ ಎಲ್ಲೂ ಇರಲಿಲ್ಲ. ನನಗೆ ಇಂಗ್ಲಿಷ್ ಬರುತ್ತದೆ. ನಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿರುವ ಅಜ್ಜಿಗೆ ಯಾರಾದರೂ ಇದನ್ನೇ ತಂದುಕೊಟ್ಟರೆ ಅವರು ಏನು ಓದಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಇಂಥ ಡಬ್ಬಗಳ ಮೇಲಿನ ಎಚ್ಚರಿಕೆ ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಇರಲಿ. ಮೆಡಿಕಲ್ ಶಾಪಿನವರು ಮತ್ತು ಜಿಮ್ಮಿನವರು ಡಬ್ಬ ಕೊಡುವಾಗ "ಇದು ಯಾರಿಗೆ, ಅವರು ಬೇರೆ ಯಾವ ಮಾತ್ರೆ ತಗೋತಾರೆ" ಅಂತ ಒಂದು ಮಾತು ಕೇಳಲಿ. ನಿಮ್ಮ ಪತ್ರಿಕೆಯಲ್ಲಿ ನರರೋಗ ವೈದ್ಯರಿಂದ ಮಾತ್ರೆ ಮತ್ತು ಊಟದ ಹೊತ್ತಿನ ಬಗ್ಗೆ ಒಂದು ಲೇಖನ ಬರೆಸಿ. ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮಂಥವರು ತುಂಬಾ ಜನ ಇದ್ದಾರೆ. ನರರೋಗ ವೈದ್ಯರನ್ನು ಕಾಣಲು ಒಂದು ದಿನದ ಕೆಲಸ ಬಿಟ್ಟು, ಬಸ್ಸು ಹಿಡಿದು ಹೋಗಬೇಕು. ಅಲ್ಲಿಯವರೆಗೆ ಅವರ ಕೈಗೆ ಸಿಗುವುದು ಪೇಪರ್ ಒಂದೇ.

ಉಳಿದ ಪುಡಿಯನ್ನು ಆ ಹುಡುಗನಿಗೇ ವಾಪಸ್ ಕೊಟ್ಟೆ. ಪಾಪ, ಅವನು ಬಹಳ ನೊಂದುಕೊಂಡ. ನಿನ್ನ ತಪ್ಪಲ್ಲ ಮಗು ಅಂದೆ. ಯಜಮಾನರ ಕಾಲು ಈಗಲೂ ಕೆಲವು ದಿನ ಹೊಸ್ತಿಲಲ್ಲಿ ನಿಲ್ಲುತ್ತದೆ. ಅದಕ್ಕೆ ಹೊಸ್ತಿಲಿನ ಈಚೆ ರಂಗೋಲಿಯಲ್ಲಿ ಒಂದು ಅಡ್ಡಗೆರೆ ಎಳೆದಿಡುತ್ತೇನೆ. ಗೆರೆ ಕಂಡರೆ ದಾಟಲು ಸುಲಭವಾಗುತ್ತದೆ ಅಂತ ವೈದ್ಯರೇ ಹೇಳಿಕೊಟ್ಟಿದ್ದು. ಈವತ್ತು ಏಳೂವರೆಗೆ ಗೆರೆ ದಾಟಿ, ಗುಂಡಿ ಹಾಕಿದ ಅಂಗಿಯಲ್ಲೇ ತೋಟದ ಕಡೆ ಹೋದರು.

— ನಿವೃತ್ತ ವಿಜ್ಞಾನ ಶಿಕ್ಷಕಿ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು