ಬಾಡಿಗೆ ಮುಂಗಡಕ್ಕೆ ಕಾನೂನಿನ ಮಿತಿ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟೊಂದರಲ್ಲಿ ಮೂರು ವರ್ಷ ಬಾಡಿಗೆಗಿದ್ದು, ಕಳೆದ ತಿಂಗಳು ಎರಡು ಬೀದಿ ಆಚೆಗಿನ ಇನ್ನೊಂದು ಮನೆಗೆ ಬಂದಿದ್ದೇನೆ. ಸಾಮಾನು ಸಾಗಿಸಲು ಅರ್ಧ ದಿನ ಸಾಕಾಯಿತು. ಹಳೆಯ ಮನೆಯ ಮುಂಗಡ ಮಾತ್ರ ಇನ್ನೂ ಪೂರ್ತಿಯಾಗಿ ಕೈಸೇರಿಲ್ಲ.

ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಆ ಮನೆಗೆ ನಾನು ಕೊಟ್ಟಿದ್ದ ಅಡ್ವಾನ್ಸು 1,80,000 ರೂಪಾಯಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಈ ಊರಿನ ಹಳೆಯ ರೂಢಿ. ಈಚೆಗೆ ಕೆಲವು ಮಾಲೀಕರು ಐದಾರು ತಿಂಗಳಿಗೆ ಇಳಿಯುತ್ತಾರಾದರೂ ಅದು ಅವರವರ ಮರ್ಜಿ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ನಮ್ಮ ಬೀದಿಯಲ್ಲಿ ಬಾಡಿಗೆ ಏರಿದ್ದನ್ನು ಎಲ್ಲರೂ ಗಮನಿಸಿದ್ದಾರೆ, ಆದರೆ ಬಾಡಿಗೆ ಸಾವಿರ ಏರಿದಾಗ ಮುಂಗಡ ಹತ್ತು ಸಾವಿರ ಏರುತ್ತದೆ ಎಂಬುದು ಮನೆ ಬದಲಿಸುವ ದಿನದವರೆಗೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಎರಡು ತಿಂಗಳ ಮೊದಲೇ ನೋಟಿಸು ಕೊಟ್ಟಿದ್ದೆ. ‘ಹೊಸಬರು ಬಂದು ಅಡ್ವಾನ್ಸು ಕೊಡಲಿ, ನಿಮ್ಮದನ್ನು ಕೊಟ್ಟುಬಿಡುತ್ತೇನೆ’ ಎಂದರು ಮಾಲೀಕರು. ಅವರು ಕೆಟ್ಟವರಲ್ಲ, ನಿವೃತ್ತಿಯ ಹಣದ ಜೊತೆಗೆ ನಮ್ಮಂಥವರ ಮುಂಗಡವನ್ನೂ ಹಾಕಿ ಮೇಲೊಂದು ಅಂತಸ್ತು ಕಟ್ಟಿಸಿದ್ದಾರೆ. ಅಂದರೆ ಮನೆಗೆ ಹಾನಿಯಾದರೆ ಇರಲೆಂದು ಪಡೆಯುವ ಭದ್ರತಾ ಠೇವಣಿಯು ವಾಸ್ತವದಲ್ಲಿ ಒಬ್ಬ ಬಾಡಿಗೆದಾರನಿಂದ ಇನ್ನೊಬ್ಬನಿಗೆ ದಾಟುತ್ತಾ ಹೋಗುವ ಬಡ್ಡಿಯಿಲ್ಲದ ಸಾಲವಾಗಿದೆ.

ಕೊನೆಗೆ ಬಂದ ಹಣದಲ್ಲಿ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡಿದ್ದರು. ಗೋಡೆಯಲ್ಲಿದ್ದದ್ದು ಮೂರು ಮೊಳೆ, ಮತ್ತು ಬಚ್ಚಲಿನ ಪೈಪು ಸೋರಿ ಎದ್ದ ಒಂದು ತೇವದ ಕಲೆ. ಆ ಕಲೆಯನ್ನು ನಾನೇ ಎರಡು ಬಾರಿ ಅವರಿಗೆ ತೋರಿಸಿದ್ದೆ. ವಾರದೊಳಗೆ ಹೊಸ ಸಂಸಾರ ಬಂತು. ವಿಳಾಸ ತಪ್ಪಿ ಅಲ್ಲಿಗೆ ಹೋದ ಅಂಚೆಯನ್ನು ತರಲು ಹೋದಾಗ, ಮಗಳ ಎತ್ತರ ಅಳೆದು ಬಾಗಿಲ ಸಂದಿಯ ಗೋಡೆಯಲ್ಲಿ ನಾವು ಎಳೆದಿದ್ದ ಪೆನ್ಸಿಲ್ ಗೆರೆಗಳು ಹಾಗೆಯೇ ಇದ್ದವು.

ಇದನ್ನು ಎಲ್ಲಿ ಪ್ರಶ್ನಿಸುವುದು? 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. (ಇಂದು ಆ ಮೊತ್ತಕ್ಕೆ ಕೆಂಗೇರಿಯಲ್ಲಿ ಬೈಕು ನಿಲ್ಲಿಸುವ ಶೆಡ್ಡೂ ಸಿಗಲಿಕ್ಕಿಲ್ಲ.) ಉಳಿದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು; ಹದಿನೆಂಟು ಸಾವಿರಕ್ಕಾಗಿ ವಕೀಲರನ್ನು ಹಿಡಿಯುವವರು ಯಾರು? ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರ ಕರಾರೂ ಹನ್ನೊಂದು ತಿಂಗಳದ್ದೇ. ನನ್ನ ಕರಾರಿನ ಒಂದು ಕಲಮಿನಲ್ಲಂತೂ ಹಿಂದಿನ ಬಾಡಿಗೆದಾರರ ಹೆಸರೇ ಉಳಿದಿತ್ತು.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮನೆ ತೆರವಾಗಿ ಮಾಲೀಕರ ವಶಕ್ಕೆ ಬಂದ ದಿನವೇ, ಬಾಕಿಯಿದ್ದರೆ ಕಳೆದು, ಅದನ್ನು ಹಿಂದಿರುಗಿಸಬೇಕು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕರ ಹೊಣೆಗಳ ಪಟ್ಟಿಯಲ್ಲಿವೆ. ಅವಧಿ ಮುಗಿದರೂ ಬಿಡದ ಬಾಡಿಗೆದಾರರ ಭಯ ಮಾಲೀಕರಿಗಿರುವುದು ಸಹಜವೇ. ಅಂಥವರು ಮೊದಲ ಎರಡು ತಿಂಗಳು ಎರಡು ಪಟ್ಟು, ಅನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕೆಂದೂ ಅದು ಹೇಳುತ್ತದೆ. ಆದರೆ ಇದು ಮಾದರಿಯಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ. ಠೇವಣಿಯ ಮಿತಿ, ಮರುಪಾವತಿಯ ಗಡುವು ಇವೆರಡನ್ನಾದರೂ ರಾಜ್ಯ ಸರ್ಕಾರ ಕಾನೂನಾಗಿಸಬೇಕು, ಮತ್ತು 3,500 ರೂಪಾಯಿಯ ಆ ಗಡಿಯನ್ನು ತೆಗೆಯಬೇಕು.

ನನಗೆ ಬರಬೇಕಾದದ್ದು ಇನ್ನೂ 62,000 ರೂಪಾಯಿ. ಹೊಸ ಮನೆಯ ಮುಂಗಡಕ್ಕಾಗಿ ಸಹಕಾರ ಸಂಘದಲ್ಲಿ ಪಡೆದ ಸಾಲದ ಮೊದಲ ಕಂತನ್ನು ಇದೇ 10ರಂದು ಕಟ್ಟಬೇಕಿದೆ.

– ಒಬ್ಬ ಬಾಡಿಗೆದಾರ, ಕೆಂಗೇರಿ ಉಪನಗರ, ಬೆಂಗಳೂರು