ಮಗಳಿಗೊಂದು ಪತ್ರ: ಕಣ್ಣಿಗೆ ಬೀಳದ ‘ಅಲ್ಲ’

ಗೋಣಿಕೊಪ್ಪಲು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ‘ನನ್ನಷ್ಟು ಬೇಜವಾಬ್ದಾರಿ ಯಾರೂ ಇಲ್ಲ ಅಪ್ಪ’ ಅಂತ ಅತ್ತೆ. ಪ್ರೆಸ್ಸಿನಲ್ಲಿ ಗಿರಾಕಿಗಳಿದ್ದರು, ಸರಿಯಾಗಿ ಮಾತಾಡಲಾಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬ ಪ್ರಶ್ನೆಯನ್ನು ‘ಸರಿಯಾದ ಹೇಳಿಕೆ ಯಾವುದು’ ಎಂದು ಓದಿಕೊಂಡು ಅಂಕ ಹೋಯಿತು, ನಿಜ. ಆದರೆ ಅದು ಬೇಜವಾಬ್ದಾರಿಯಲ್ಲ. ಸರಾಗವಾಗಿ ಓದಲು ಬರುವವರಿಗೇ ಆಗುವ ತಪ್ಪು ಅದು. ಅಕ್ಷರ ಕೂಡಿಸಿ ಓದುವ ಒಂದನೇ ಕ್ಲಾಸಿನ ಮಗು ಆ ‘ಲ್ಲ’ದ ಮುಂದೆ ನಿಂತು ತಡವರಿಸುತ್ತಿತ್ತೇ ಹೊರತು ಅದನ್ನು ದಾಟಿ ಹೋಗುತ್ತಿರಲಿಲ್ಲ.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಸಾಗುತ್ತದೆ ಅನ್ನಿಸುತ್ತದೆ. ಹಾಗೆ ಸಾಗುವುದಿಲ್ಲ, ಜಿಗಿಯುತ್ತದೆ. ಸುಮಾರು ಕಾಲು ಸೆಕೆಂಡು ಒಂದು ಕಡೆ ನಿಂತು, ಮುಂದಕ್ಕೆ ಹಾರಿ, ಮತ್ತೆ ನಿಲ್ಲುತ್ತದೆ. ಹಾರುವ ಹೊತ್ತಿನಲ್ಲಿ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ನಿಂತಾಗಲೂ ಪೂರ್ತಿ ನಿಚ್ಚಳವಾಗಿ ಕಾಣುವುದು ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಜಾಗ ಮಾತ್ರ. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ನಿನ್ನ ಎಡಗಣ್ಣನ್ನು ನೋಡು, ಆಮೇಲೆ ಬಲಗಣ್ಣನ್ನು ನೋಡು. ಕಣ್ಣು ಅಲುಗಿದ್ದು ನಿನಗೆ ಎಂದೂ ಕಾಣದು, ಪಕ್ಕದಲ್ಲಿ ನಿಂತ ಗೆಳತಿಗೆ ಕಾಣುತ್ತದೆ. ನಡುವಿನ ಆ ಕತ್ತಲನ್ನು ಮಿದುಳು ನಿನ್ನ ಗಮನಕ್ಕೆ ತರುವುದೇ ಇಲ್ಲ.

ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರಿಗೆ ಇದು ದಿನನಿತ್ಯದ ಪಾಡು. ಮದುವೆ ಪತ್ರಿಕೆಯಲ್ಲಿ ತಪ್ಪು ಎಲ್ಲಿ ಉಳಿಯುತ್ತದೆ ಗೊತ್ತಾ? ಕೊಡವರ ಮನೆತನದ ಹೆಸರುಗಳು, ಊರುಗಳು, ನೆಂಟರ ಹೆಸರುಗಳು ಸಾಲುಸಾಲಾಗಿ ಬರುತ್ತವಲ್ಲ, ಅಲ್ಲಿ ತಪ್ಪು ಉಳಿಯುವುದು ಕಡಿಮೆ. ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಹಾಗಾಗಿ ಒಂದೊಂದೇ ಅಕ್ಷರ ನೋಡುತ್ತೇವೆ. ತಪ್ಪು ಅಡಗಿ ಕೂರುವುದು ‘ತಾವು ಸಕುಟುಂಬ ಸರಿಪವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ’ ಎಂಬಂಥ ಕಡೆ. ಎಲ್ಲರಿಗೂ ಬಾಯಿಪಾಠವಾದ ಸಾಲು. ಕಣ್ಣು ಅದರ ಮೇಲೆ ಎರಡು ಕಡೆ ನಿಂತರೆ ಹೆಚ್ಚು, ಉಳಿದದ್ದನ್ನು ನೆನಪೇ ಓದಿಬಿಡುತ್ತದೆ. ಈಗ ಆ ಸಾಲನ್ನು ಇನ್ನೊಮ್ಮೆ ನೋಡು. ಅದರ ಮೂರನೇ ಪದದಲ್ಲಿ ಎರಡು ಅಕ್ಷರಗಳನ್ನು ಬೇಕೆಂದೇ ಅದಲುಬದಲು ಮಾಡಿದ್ದೇನೆ. ಮೊದಲ ಓದಿಗೇ ಸಿಕ್ಕಿದ್ದರೆ ನಿನಗೆ ಪ್ರೆಸ್ಸಿನಲ್ಲಿ ಕೆಲಸ ಗ್ಯಾರಂಟಿ!

ಇನ್ನೊಂದು ನೀನೇ ಮಾಡಿ ನೋಡುವಂಥದ್ದು. ನಿನ್ನ ರೂಲ್ಡ್ ನೋಟ್‌ಬುಕ್ಕಿನ ಒಂದು ಗೆರೆಯ ಮೇಲೆ ಗುಣಾಕಾರದ ಗುರುತು ಹಾಕು. ಅದೇ ಗೆರೆಯಲ್ಲಿ ಬಲಕ್ಕೆ ಎಂಟು ಸೆಂಟಿಮೀಟರ್ ದೂರದಲ್ಲಿ ದಪ್ಪನೆಯ ಚುಕ್ಕಿ ಇಡು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತಾ ಪುಸ್ತಕವನ್ನು ನಿಧಾನಕ್ಕೆ ಹತ್ತಿರ ತಾ. ಸುಮಾರು ಒಂದು ಅಡಿ ದೂರ ಬಂದಾಗ ಚುಕ್ಕಿ ಮಾಯ. ಕಣ್ಣಿನಿಂದ ಮಿದುಳಿಗೆ ನರ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮ್ ಮಾರಿಯಟ್ 1660ರ ದಶಕದಲ್ಲಿ ಇದನ್ನು ಕಂಡುಹಿಡಿದ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಚುಕ್ಕಿ ಮಾಯವಾಗುವುದಲ್ಲ, ಆ ಜಾಗದಲ್ಲಿ ತೂತು ಕಾಣದಿರುವುದು. ಬಿಳಿ ಹಾಳೆ, ಅದರ ಮೇಲಿನ ಗೆರೆ, ಎರಡೂ ಅಲ್ಲಿ ಮುಂದುವರಿದಂತೆಯೇ ಕಾಣುತ್ತವೆ. ಕಣ್ಣು ಕೊಡದಿದ್ದದ್ದನ್ನು ಮಿದುಳು ತುಂಬಿಕೊಂಡಿತು, ನಿನ್ನನ್ನು ಒಂದು ಮಾತೂ ಕೇಳದೆ.

ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ: ನೋಟವೆಂದರೆ ನಮ್ಮ ಅರಿವಿಗೆ ಬಾರದೆ ನಡೆಯುವ ಊಹೆ. ಆ ಊಹೆ ಇಲ್ಲದಿದ್ದರೆ ಬದುಕುವುದೇ ಕಷ್ಟವಾಗುತ್ತಿತ್ತು. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಒಣಹಾಕಿರುತ್ತೇವೆ. ನಾಲ್ಕು ಗಂಟೆ ಹೊತ್ತಿಗೆ ಮನೆಯ ನೆರಳು ಅರ್ಧ ಕಣಕ್ಕೆ ಬರುತ್ತದೆ. ನೆರಳಿನ ಕಡೆಯಿಂದ ಕಣ್ಣಿಗೆ ಬರುವ ಬೆಳಕು ಎಷ್ಟೋ ಕಡಿಮೆ. ಆದರೂ ಆ ಅರ್ಧದ ಕಾಫಿ ಕಪ್ಪಾಯಿತೆಂದು ನಿನ್ನ ಅಜ್ಜಿ ಯಾವತ್ತಾದರೂ ಗಾಬರಿಯಾಗಿದ್ದುಂಟಾ? ನೆರಳಿನ ಲೆಕ್ಕವನ್ನು ಮಿದುಳು ತಾನೇ ಕಳೆದುಬಿಡುತ್ತದೆ. ಅಮೆರಿಕದ ಎಡ್ವರ್ಡ್ ಏಡಲ್‌ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ ಇದನ್ನೇ ಬಳಸಿಕೊಳ್ಳುತ್ತದೆ. ಒಂದು ಚೌಕ ಬೆಳಕಿನಲ್ಲಿ, ಇನ್ನೊಂದು ನೆರಳಿನಲ್ಲಿ. ಎರಡೂ ಒಂದೇ ಬೂದು ಬಣ್ಣ, ಆದರೆ ನೆರಳಿನದು ಬೆಳ್ಳಗೆ ಕಾಣುತ್ತದೆ. ಅಕ್ಕಪಕ್ಕದ್ದನ್ನು ಮುಚ್ಚಿ ನೋಡಿದರೆ ಒಂದೇ ಎಂದು ಒಪ್ಪುತ್ತೇವೆ. ಮುಚ್ಚಿದ್ದನ್ನು ತೆಗೆದ ಕೂಡಲೇ ಮತ್ತೆ ಬೇರೆ ಬೇರೆ.

ಇಲ್ಲೇ ನಾನು ಹೇಳಬೇಕಾದ ಮಾತಿರುವುದು. ಗುಟ್ಟು ತಿಳಿದ ಮೇಲೂ ಕಣ್ಕಟ್ಟು ಹೋಗುವುದಿಲ್ಲ. ಅದಕ್ಕೇ ‘ಮುಂದಿನ ಸಲ ಗಮನ ಇಟ್ಟು ಓದ್ತೀನಿ’ ಎಂಬ ನಿನ್ನ ಶಪಥವನ್ನು ನಾನು ನಂಬುವುದಿಲ್ಲ, ನಿನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಗಮನವೆಲ್ಲ ಇಟ್ಟಾಗಲೂ ಮಿದುಳು ಊಹೆ ಮಾಡುತ್ತಲೇ ಇರುತ್ತದೆ. ನಿನ್ನನ್ನು ನೀನೇ ಬೈದುಕೊಂಡರೆ ಆ ಊಹೆಯೇನೂ ಹೆದರಿ ನಿಲ್ಲುವುದಿಲ್ಲ. ಅದರ ದಾರಿಗೆ ಅಡ್ಡ ಏನಾದರೂ ಇಡಬೇಕು.

ನಾವು ಪ್ರೆಸ್ಸಿನಲ್ಲಿ ಮಾಡುವುದು ಅದನ್ನೇ. ಸಾಲಿನ ಕೆಳಗೆ ಒಂದು ಕಾರ್ಡ್ ಹಿಡಿದು, ಮುಂದಿನ ಸಾಲು ಕಾಣದ ಹಾಗೆ ಇಳಿಸುತ್ತಾ ಹೋಗುತ್ತೇವೆ. ಮುಖ್ಯವಾದದ್ದನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತೇವೆ. ಅರ್ಥ ಕಡಿದುಹೋದರೆ ಊಹೆಗೆ ಕಾಲೂರಲು ಜಾಗವಿರುವುದಿಲ್ಲ. ತಾರೀಕು, ಮುಹೂರ್ತವನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲಪ್ರತಿ ನೋಡುತ್ತೇವೆ. ಡಿಟಿಪಿ ಮಾಡಿದವರೇ ಕೊನೆಯ ಪ್ರೂಫ್ ನೋಡಬಾರದು ಎಂಬ ಕಟ್ಟುಪಾಡೂ ಇದೆ. ಬರೆದವರಿಗೆ ತಾವು ಬರೆಯಬೇಕೆಂದಿದ್ದದ್ದೇ ಹಾಳೆಯ ಮೇಲೂ ಕಾಣುತ್ತದೆ.

ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದಲಾಗದು, ಪೆನ್ಸಿಲ್ ಅಂತೂ ಇರುತ್ತದೆ. ಉತ್ತರಗಳ ಕಡೆ ಕಣ್ಣು ಹಾಯಿಸುವ ಮೊದಲು ಪ್ರಶ್ನೆಯ ಕೆಳಗೆ ಪೆನ್ಸಿಲ್ ತುದಿ ಇಟ್ಟುಕೊಂಡು ಹೋಗು. ‘ಅಲ್ಲ’, ‘ಇಲ್ಲ’, ‘ಹೊರತುಪಡಿಸಿ’ ಸಿಕ್ಕಲ್ಲೆಲ್ಲ ಸುತ್ತ ಒಂದು ವೃತ್ತ ಎಳೆ. ಉತ್ತರ ಗುರುತಿಸಿದ ಮೇಲೆ ಪ್ರಶ್ನೆಯ ಕೊನೆಯ ಮೂರು ಪದಗಳನ್ನು ಮಾತ್ರ ಇನ್ನೊಮ್ಮೆ ನೋಡು. ಪ್ರತಿ ಪ್ರಶ್ನೆಗೂ ಇಷ್ಟು ಮಾಡಿದರೂ ಸಮಯವೇನೂ ಹೆಚ್ಚು ಹೋಗದು.

ಹುತ್ತರಿ ಹಬ್ಬಕ್ಕೆ ಬರುವಾಗ ಆ ಪ್ರಶ್ನೆಪತ್ರಿಕೆ ತಗೊಂಡು ಬಾ. ಬೇರೆಲ್ಲಾದರೂ ಹೀಗೇ ಜಾರಿದೆಯಾ ಅಂತ ಇಬ್ಬರೂ ಕೂತು ನೋಡೋಣ. ಅಮ್ಮ ಕಳಿಸಿದ ಸ್ವೆಟರ್ ತಲುಪಿದ್ದಕ್ಕೆ ಒಂದು ಮೆಸೇಜ್ ಹಾಕು.

ಇಂತಿ ನಿನ್ನ
ಅಪ್ಪ