ಹೊಸ ಹೆಡ್‌ಫೋನ್‌ಗೆ ಮೊದಲು ಹಳೆಯದರ ಕೊರತೆ ತಿಳಿಯಲಿ

ಮಾನ್ಯ ಸಂಪಾದಕರೇ,

ಮೇಲ್ದರ್ಜೆಯ ಓಪನ್‌ಬ್ಯಾಕ್ ಹೆಡ್‌ಫೋನ್‌ಗಳನ್ನು ಕುರಿತು ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಸಂಗೀತವನ್ನು ಶ್ರದ್ಧೆಯಿಂದ ಕೇಳುವವರು ಮಧ್ಯಮ ದರ್ಜೆಯಲ್ಲೇ ನಿಂತುಬಿಡಬಾರದು, ಒಂದು ಮೆಟ್ಟಿಲು ಮೇಲಕ್ಕೆ ಹೋದರೆ ಕೇಳುವ ಅನುಭವವೇ ಬೇರೆಯಾಗುತ್ತದೆ ಎಂಬುದು ಅದರ ಒಟ್ಟು ಅಭಿಪ್ರಾಯ. ಲೇಖಕರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಸುಮಾರು ಐದು ತಿಂಗಳು ಕಳೆದ ನನಗೆ, ಆ ಲೇಖನ ಓದುಗರನ್ನು ತೀರ್ಮಾನದ ಹೊಸ್ತಿಲವರೆಗೆ ಕರೆತಂದು ಅಲ್ಲೇ ಕೈಬಿಟ್ಟಿತು ಅನ್ನಿಸಿತು. ಯಾವ ಹೆಡ್‌ಫೋನ್ ಉತ್ತಮ ಎಂದು ವಿಚಾರಿಸುವುದಕ್ಕೆ ಮೊದಲು, ಈಗ ಕಿವಿಯ ಮೇಲಿರುವುದರಲ್ಲಿ ನಮಗೆ ಸಿಗದಿರುವುದು ಏನು ಎಂದು ಕೇಳಿಕೊಳ್ಳಬೇಕು. ಆ ಕೊರತೆಯನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲು ಆಗದಿದ್ದರೆ, ಕೊಂಡ ಮೇಲೆ ಅದು ನೀಗಿತೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯೂ ಇರುವುದಿಲ್ಲ.

ಓಪನ್‌ಬ್ಯಾಕ್ ಎಂದರೆ ಕಿವಿಯ ಬಟ್ಟಲಿನ ಹಿಂಭಾಗವನ್ನು ಮುಚ್ಚದೆ ಜಾಲರಿಯಷ್ಟನ್ನೇ ಇಟ್ಟಿರುವ ಹೆಡ್‌ಫೋನ್. ಸದ್ದು ಹುಟ್ಟಿಸುವ ಭಾಗವಾದ ಡ್ರೈವರಿನ ಹಿಂದಕ್ಕೆ ಹೊಮ್ಮುವ ಧ್ವನಿ ಒಳಗೇ ಬಡಿದು ಮರಳಿ ಕಿವಿಗೆ ಬರುವ ಬದಲು ಹೊರಗೆ ಹೋಗಿಬಿಡುತ್ತದೆ. ಆದ್ದರಿಂದ ನಾದ ಪೆಟ್ಟಿಗೆಯೊಳಗಿಂದ ಬಂದಂತಿರದೆ ತೆರೆದ ಜಾಗದಲ್ಲಿ ಹರಡಿಕೊಂಡಂತೆ ಕೇಳುತ್ತದೆ. ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಹೆಸರಿನಲ್ಲಿ ಈ ಬಗೆಯ ಹೆಡ್‌ಫೋನನ್ನು ಮೊದಲು ಮಾರುಕಟ್ಟೆಗೆ ತಂದಿತು. ಅದರ ಹಳದಿ ಸ್ಪಂಜಿನ ಪ್ಯಾಡ್‌ಗಳನ್ನು ಇಂದಿಗೂ ನೆನೆಯುವವರಿದ್ದಾರೆ. ಅದೇ ಕಂಪನಿಯ ಎಚ್‌ಡಿ 600 ಬಂದದ್ದು 1997ರಲ್ಲಿ. ಇಷ್ಟು ವರ್ಷಗಳಾದರೂ ಹೊಸ ಹೆಡ್‌ಫೋನ್‌ಗಳನ್ನು ತೂಗಿ ನೋಡುವವರು ಅದನ್ನೇ ತೂಕದ ಕಲ್ಲಾಗಿ ಇಟ್ಟುಕೊಳ್ಳುತ್ತಾರೆ. ಫೋನು, ಕಂಪ್ಯೂಟರುಗಳ ವಿಷಯದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಐದು ವರ್ಷದ ಹಿಂದಿನದು ಹಿಂದುಳಿದದ್ದೇ ಸರಿ. ಹೆಡ್‌ಫೋನಿನಲ್ಲಿ ಹೊಸತು ಎಂಬುದಾಗಲಿ ದುಬಾರಿ ಎಂಬುದಾಗಲಿ ಉತ್ತಮಕ್ಕೆ ತಾನಾಗಿ ಸಾಕ್ಷಿಯಾಗುವುದಿಲ್ಲ ಎಂಬ ಮಾತು ಲೇಖನದಲ್ಲಿ ಎಲ್ಲಿಯೂ ಬರಲಿಲ್ಲ.

ನಾನು ಒಂಬತ್ತು ವರ್ಷಗಳಿಂದ ಬಳಸುತ್ತಿರುವುದು ಈ ಎಚ್‌ಡಿ 600 ಅನ್ನೇ. ಇತ್ತೀಚೆಗೆ ಅದರ ನಾದ ಯಾಕೋ ಹತ್ತಿರ ಬಂದು ಮುದುಡಿಕೊಂಡಂತೆ, ಪಿಟೀಲಿನ ಮೇಲಿನ ಸ್ವರಗಳು ಮಂಕಾದಂತೆ ಅನ್ನಿಸತೊಡಗಿದಾಗ, ಮೇಲ್ದರ್ಜೆಯದನ್ನು ಕೊಳ್ಳುವ ಆಸೆ ಹುಟ್ಟಿತು. ಗೆಳೆಯರೊಬ್ಬರು ತಮ್ಮಲ್ಲಿದ್ದ, ನನ್ನದಕ್ಕಿಂತ ಹಲವು ಪಟ್ಟು ಬೆಲೆಯ ಓಪನ್‌ಬ್ಯಾಕ್ ಹೆಡ್‌ಫೋನನ್ನು ಎರಡು ವಾರದ ಮಟ್ಟಿಗೆ ಕೊಟ್ಟರು. ಮೊದಲ ರಾತ್ರಿ ನಾನು ನಿದ್ದೆಗೆಟ್ಟು ಕೇಳಿದೆ. ಹಾಡುವವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವುದು, ಕೊಳಲಿನ ರಂಧ್ರದ ಮೇಲೆ ಬೆರಳು ಕೂರುವುದು, ಎಲ್ಲವೂ ಹೊಸದಾಗಿ ಕಂಡವು. ಅಂದೇ ತೀರ್ಮಾನ ಮಾಡಿದ್ದರೆ ಮರುದಿನ ಬೆಳಿಗ್ಗೆ ಕೊಂಡುಬಿಡುತ್ತಿದ್ದೆ.

ನನ್ನನ್ನು ತಡೆದದ್ದು ಒಂದು ಸಣ್ಣ ಅನುಮಾನ. ಎರಡು ಹೆಡ್‌ಫೋನ್‌ಗಳನ್ನು ಒಂದೇ ವಾಲ್ಯೂಮಿನ ಗುರುತಿನಲ್ಲಿಟ್ಟರೆ ಎರಡೂ ಒಂದೇ ಮಟ್ಟದಲ್ಲಿ ಕೇಳುವುದಿಲ್ಲ. ಇಂಪೆಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಸೆನ್ಸಿಟಿವಿಟಿ (ಇಂತಿಷ್ಟು ವಿದ್ಯುತ್ತಿಗೆ ಎಷ್ಟು ಜೋರಾಗಿ ಸದ್ದು ಹೊಮ್ಮುತ್ತದೆ ಎಂಬುದು) ಬೇರೆ ಬೇರೆಯಾದ್ದರಿಂದ ಒಂದು ಯಾವಾಗಲೂ ಇನ್ನೊಂದಕ್ಕಿಂತ ಜೋರಾಗಿರುತ್ತದೆ. ಜೋರಾಗಿರುವುದು ನಮ್ಮ ಕಿವಿಗೆ ಹೆಚ್ಚು ಸ್ಪಷ್ಟವಾಗಿ, ಹೆಚ್ಚು ತುಂಬಿಕೊಂಡಂತೆ ಕೇಳುತ್ತದೆ. ಇದು ಭ್ರಮೆಯೂ ಅಲ್ಲ, ದೌರ್ಬಲ್ಯವೂ ಅಲ್ಲ, ಕಿವಿಯ ಸ್ವಭಾವ. ಮಟ್ಟ ಇಳಿದಂತೆಲ್ಲ ತೀರ ಕೆಳಗಿನ ಸ್ವರಗಳು ಮಧ್ಯದ ಸ್ವರಗಳಿಗಿಂತ ಬೇಗನೆ ಕಿವಿಯಿಂದ ಮರೆಯಾಗುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಷ್ಟು ಹಿಂದೆಯೇ ರೇಖೆಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ದಪ್ಪ ರಟ್ಟಿನ ನಡುವೆ ತೂತು ಕೊರೆದು, ಅದರಲ್ಲಿ ಫೋನಿನ ಮೈಕನ್ನು ಕೂರಿಸಿ, ಎರಡೂ ಹೆಡ್‌ಫೋನ್‌ಗಳ ಬಟ್ಟಲನ್ನು ಸರದಿಯಂತೆ ಅದರ ಮೇಲೆ ಒತ್ತಿ, ಒಂದೇ ಬಗೆಯ ಸದ್ದನ್ನು ಹಾಯಿಸಿ ಮಟ್ಟವನ್ನು ಸರಿಹೊಂದಿಸಿದೆ. ಪ್ರಯೋಗಾಲಯದ ನಿಖರತೆ ಇದರಲ್ಲಿಲ್ಲ, ಎರಡನ್ನು ಹೋಲಿಸಲು ಮಾತ್ರ ಸಾಕು. ಗೆಳೆಯರದು ನನ್ನದಕ್ಕಿಂತ ಸುಮಾರು ನಾಲ್ಕು ಡೆಸಿಬೆಲ್ ಜೋರಾಗಿತ್ತು. ಮಟ್ಟ ಸಮವಾದ ಮೇಲೆ ಕೇಳಿದಾಗ, ಮೊದಲ ರಾತ್ರಿಯ ಬೆರಗಿನಲ್ಲಿ ದೊಡ್ಡ ಪಾಲು ಕರಗಿಹೋಯಿತು. ಉಸಿರಿನ ಸದ್ದು ನನ್ನ ಹಳೆಯದರಲ್ಲೂ ಇತ್ತು. ನಾನು ಅದಕ್ಕೆ ಕಿವಿಗೊಟ್ಟಿರಲಿಲ್ಲ, ಅಷ್ಟೆ.

ಎರಡನೆಯ ಕಾರಣ ನನ್ನ ಪ್ಯಾಡ್‌ಗಳಲ್ಲಿತ್ತು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬದಲಿಸದ ಅವು ಹಪ್ಪಳದಂತೆ ಚಪ್ಪಟೆಯಾಗಿದ್ದವು. ಪ್ಯಾಡ್ ತಗ್ಗಿದರೆ ಡ್ರೈವರಿಗೂ ಕಿವಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ, ಕೆನ್ನೆಗೆ ಅದು ಕೂರುವ ರೀತಿ ಬದಲಾಗುತ್ತದೆ, ಅದರೊಂದಿಗೆ ನಾದದ ಸಮತೋಲವೂ ಬದಲಾಗುತ್ತದೆ. ಈ ಬದಲಾವಣೆ ದಿನಕ್ಕೆ ಕೂದಲೆಳೆಯಷ್ಟು ಆಗುವುದರಿಂದ ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಹೊಸ ಪ್ಯಾಡ್ ಹಾಕಿದ ದಿನ, ನಾನು ಮೇಲ್ದರ್ಜೆಯದರಿಂದ ಬಯಸಿದ್ದ, ನಾದ ಬಯಲಿನಲ್ಲಿ ಹರಡಿಕೊಂಡಂಥ ಆ ಅನುಭವ ಅರ್ಧದಷ್ಟು ಹಳೆಯದರಲ್ಲೇ ಮರಳಿ ಬಂದಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಸ್ವಲ್ಪ ಬೇಸರವೇ ಆಗುತ್ತದೆ, ಏಕೆಂದರೆ ನಾನು ಓದಿದ ಹತ್ತಾರು ವಿಮರ್ಶೆಗಳಲ್ಲಿ ಒಂದಾದರೂ, ನಿಮ್ಮ ಹಳೆಯ ಪ್ಯಾಡ್‌ಗಳನ್ನು ಮೊದಲು ನೋಡಿಕೊಳ್ಳಿ ಎಂದಿದ್ದರೆ ನನ್ನ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಹಾಗಾದರೆ ಮೇಲ್ದರ್ಜೆಯದರಲ್ಲಿ ಏನೂ ಇಲ್ಲವೇ ಎಂದರೆ, ಇದೆ. ಮಟ್ಟ ಸರಿಹೊಂದಿಸಿ, ಹೊಸ ಪ್ಯಾಡ್ ಹಾಕಿ, ಎರಡನೆಯ ವಾರ ಪೂರ್ತಿ ಕೇಳಿದ ಮೇಲೂ ಒಂದು ವ್ಯತ್ಯಾಸ ಉಳಿದೇ ಉಳಿಯಿತು. ದೊಡ್ಡ ವಾದ್ಯವೃಂದವೋ ಹಲವು ಕಂಠಗಳು ಒಟ್ಟಿಗೆ ಏರುವ ಸಮೂಹಗಾನವೋ ತನ್ನ ತುದಿ ಮುಟ್ಟಿದಾಗ ನನ್ನ ಹೆಡ್‌ಫೋನಿನಲ್ಲಿ ಎಲ್ಲವೂ ಒಂದು ಗೊಂಚಲಾಗುತ್ತದೆ. ಗೆಳೆಯರದರಲ್ಲಿ ಆಗಲೂ ಒಂದೊಂದು ಸಾಲನ್ನು ಬೇರೆಯಾಗಿ ಹಿಂಬಾಲಿಸಬಹುದಿತ್ತು. ಕೆಳಗಿನ ಸ್ವರಗಳು ಕೂಡ ತಳದವರೆಗೆ ಬಲ ಕಳೆದುಕೊಳ್ಳದೆ ಇಳಿಯುತ್ತಿದ್ದವು. ನನ್ನ ಮಾದರಿಯಲ್ಲಿ ತೀರ ಕೆಳಗೆ ಹೋದಂತೆ ಬಾಸ್ ಸೊರಗುತ್ತದೆ ಎಂಬುದು ಅದರ ಹಳೆಯ, ಎಲ್ಲರೂ ಒಪ್ಪಿದ ಮಿತಿ. ಇದನ್ನು ಬೇರೆ ಬೇರೆ ಸ್ವರಗಳ ಮಟ್ಟವನ್ನು ಏರಿಸಿ ಇಳಿಸುವ ಈಕ್ವಲೈಜರಿನಿಂದ ಸ್ವಲ್ಪ ಮಟ್ಟಿಗೆ ಎತ್ತಿಕೊಳ್ಳಬಹುದು, ಎತ್ತಿಯೂ ನೋಡಿದೆ. ಅತಿಯಾಗಿ ಎತ್ತಿದರೆ ಡ್ರೈವರ್ ಬಳಲುತ್ತದೆ, ನಾದ ಒಡೆಯುತ್ತದೆ. ಆದರೆ ಆ ಗೊಂಚಲನ್ನು ಬಿಡಿಸುವುದು ಮಾತ್ರ ನನ್ನ ಈಕ್ವಲೈಜರಿಗೆ ಸಾಧ್ಯವಾಗಲಿಲ್ಲ. ಒಂಟಿ ಕಂಠ, ಒಂಟಿ ವಾದ್ಯ, ಎರಡು ಮೂರು ಜನರ ಮೇಳ ಕೇಳುವಾಗ ನನಗೆ ನನ್ನದೇ ಹಿತವಾಗಿತ್ತು. ಗೆಳೆಯರದರಲ್ಲಿ ಕೆಲವು ಹಳೆಯ ಧ್ವನಿಮುದ್ರಣಗಳ ಮೇಲಿನ ಸ್ವರಗಳು ಮೊನಚಾಗಿ ಚುಚ್ಚುತ್ತಿದ್ದವು. ಅರ್ಧ ಗಂಟೆಗೆ ತೆಗೆದಿಡಬೇಕೆನ್ನಿಸುತ್ತಿತ್ತು.

ಬೆಲೆಗೂ ನಾದಕ್ಕೂ ಇರುವ ಸಂಬಂಧದ ಬಗ್ಗೆ ಲೇಖಕರು ಹೆಚ್ಚು ಹೇಳಲಿಲ್ಲವಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಮಾರಾಟದ ಬೆಲೆಗೂ ಸಂಬಂಧ ಕಂಡುಬರಲಿಲ್ಲ. ಯಾವ ಸ್ವರಗಳು ಎಷ್ಟು ಜೋರಾಗಿ ಕೇಳುತ್ತವೆ ಎಂಬ ಈ ಫ್ರೀಕ್ವೆನ್ಸಿ ರೆಸ್ಪಾನ್ಸೇ ಹೆಡ್‌ಫೋನಿನ ಸ್ವಭಾವದ ಬಹುಪಾಲನ್ನು ನಿರ್ಧರಿಸುವುದರಿಂದ ಇದು ಸಣ್ಣ ಮಾತಲ್ಲ. ಬೆಲೆ ಕೊಟ್ಟರೆ ರಚನೆ, ವಸ್ತು, ಬಿಡಿಭಾಗ ಉತ್ತಮವಾಗಬಹುದು, ಡ್ರೈವರಿನ ವಿಕೃತಿ ಕಡಿಮೆಯಾಗಬಹುದು, ಆದರೆ ನಮ್ಮ ಕಿವಿಗೆ ಒಪ್ಪುವ ಸಮತೋಲ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಮಾತ್ರ ಬೆಲೆಯಲ್ಲಿಲ್ಲ.

ಆಂಪ್ಲಿಫೈಯರಿನ ಮಾತನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಮೇಲ್ದರ್ಜೆಯ ಹಲವು ಹೆಡ್‌ಫೋನ್‌ಗಳು ಫೋನಿಗೋ ಲ್ಯಾಪ್‌ಟಾಪಿಗೋ ನೇರವಾಗಿ ಚುಚ್ಚಿ ಕೇಳುವಂಥವಲ್ಲ. 300 ಅಥವಾ 600 ಓಮ್ ಇಂಪೆಡೆನ್ಸ್ ಇರುವವಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಕಡಿಮೆ ಇಂಪೆಡೆನ್ಸಿನ, ಆದರೆ ಸೆನ್ಸಿಟಿವಿಟಿಯೂ ಕಡಿಮೆ ಇರುವ ಪ್ಲೇನಾರ್ ಬಗೆಯವಕ್ಕೆ (ಆಯಸ್ಕಾಂತಗಳ ಪಕ್ಕದಲ್ಲಿ ತೆಳು ಹಾಳೆಯೊಂದು ಕಂಪಿಸಿ ಸದ್ದು ಹೊಮ್ಮಿಸುವಂಥವು) ಕರೆಂಟ್ ಧಾರಾಳವಾಗಿ ಬೇಕು. ಹೊಸದನ್ನು ಕೊಂಡವರು ಅದಕ್ಕೆ ತಕ್ಕ ಆಂಪ್ಲಿಫೈಯರಿಲ್ಲದೆ ಸೊರಗಿದ ನಾದ ಕೇಳಿ ನಿರಾಶರಾಗುವುದು ಇಲ್ಲಿಯೇ. ಸೆನ್ಸಿಟಿವಿಟಿಯ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಕೆಲವರು ಅದನ್ನು ಒಂದು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದು ಕೊಡುತ್ತಾರೆ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಎಂದು. 32 ಓಮ್‌ನ ಹೆಡ್‌ಫೋನಿಗೆ ಈ ಎರಡು ಅಂಕಿಗಳ ನಡುವೆ ಸುಮಾರು 15 ಡೆಸಿಬೆಲ್ ಅಂತರವಿರುತ್ತದೆ, 300 ಓಮ್‌ನದಕ್ಕೆ ಸುಮಾರು 5. ಯಾವ ಅಳತೆ ಎಂದು ಹೇಳದೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಓದುಗರು ತಪ್ಪು ದಾರಿ ಹಿಡಿಯುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ ಕೇಳುವ ಕೋಣೆಯದು. ಓಪನ್‌ಬ್ಯಾಕ್ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಫ್ಯಾನಿನ ಗುಂಯ್‌ಗುಟ್ಟುವಿಕೆ, ರಸ್ತೆಯ ವಾಹನ, ಪಕ್ಕದ ಕೋಣೆಯ ಮಾತು, ಎಲ್ಲವೂ ಜಾಲರಿಯ ಮೂಲಕ ಒಳಗೆ ಬರುತ್ತವೆ. ಮೇಲ್ದರ್ಜೆಯ ಹೆಡ್‌ಫೋನ್ ಹೆಚ್ಚಾಗಿ ಕೊಡುವುದೇ ಅತಿ ಸಣ್ಣ ಸದ್ದುಗಳ ವಿವರವನ್ನು, ಸ್ವರ ಆರಿಹೋಗುವ ಕೊನೆಯ ಎಳೆಯನ್ನು. ಕೋಣೆಯ ಗದ್ದಲ ಮೊದಲು ನುಂಗುವುದೂ ಅವನ್ನೇ. ಗದ್ದಲವನ್ನು ಮೀರಲು ವಾಲ್ಯೂಮ್ ಏರಿಸಿದರೆ ಕಿವಿಗೆ ಕೇಡು. ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಕಾಲ ಅರ್ಧಕ್ಕೆ ಇಳಿಯುವುದರಿಂದ, 90 ಡೆಸಿಬೆಲ್ ಮುಟ್ಟುವ ಹೊತ್ತಿಗೆ ಅದು ವಾರಕ್ಕೆ ನಾಲ್ಕು ಗಂಟೆಯಷ್ಟಕ್ಕೆ ಬಂದು ನಿಲ್ಲುತ್ತದೆ. ನಾದ ಸ್ವಚ್ಛವಾಗಿದ್ದಷ್ಟೂ ಜೋರು ಜೋರೆನಿಸುವುದಿಲ್ಲ ಎಂಬುದನ್ನು ಆ ಎರಡು ವಾರಗಳಲ್ಲಿ ನಾನೇ ಕಂಡುಕೊಂಡೆ. ಹಗಲಿನಲ್ಲಿ ನನ್ನ ಕೋಣೆಯಲ್ಲಿ ಎರಡೂ ಹೆಡ್‌ಫೋನ್‌ಗಳ ನಡುವೆ ವ್ಯತ್ಯಾಸ ಹುಡುಕುವುದೇ ಕಷ್ಟವಾಗಿತ್ತು; ನಡುರಾತ್ರಿಯ ನಿಶ್ಶಬ್ದದಲ್ಲಿ ಅದು ತಾನಾಗಿ ಎದ್ದು ಬರುತ್ತಿತ್ತು. ದಿನದ ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು, ಎಂಥ ಕೋಣೆಯಲ್ಲಿ ಕೇಳುತ್ತೇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ತೀರ್ಮಾನ ಮಾಡುವುದು ಸಾಧ್ಯವಿಲ್ಲ ಎಂದು ನನಗೆ ಮನದಟ್ಟಾದದ್ದು ಆಗ.

ತೂಕವನ್ನೂ ಮರೆಯಬಾರದು. ಎಚ್‌ಡಿ 600ರ ತೂಕ ಸುಮಾರು 260 ಗ್ರಾಂ. ಆಯಸ್ಕಾಂತಗಳ ಸಾಲನ್ನೇ ಹೊತ್ತ ಪ್ಲೇನಾರ್ ಬಗೆಯ ಕೆಲವು ಹೆಡ್‌ಫೋನ್‌ಗಳು ಅರ್ಧ ಕಿಲೋ ದಾಟುತ್ತವೆ, ಕತ್ತು ಅದನ್ನು ಎರಡನೆಯ ಗಂಟೆಯಲ್ಲಿ ನೆನಪಿಸುತ್ತದೆ.

ನಾನು ಸದ್ಯಕ್ಕೆ ಕೊಳ್ಳಲಿಲ್ಲ. ನಾನು ಕೇಳುವುದರಲ್ಲಿ ವಾದ್ಯವೃಂದ, ಸಮೂಹಗಾನಗಳ ಪಾಲು ಚಿಕ್ಕದು, ನಿಶ್ಶಬ್ದದ ರಾತ್ರಿಗಳು ಸಿಗುವುದು ಇನ್ನೂ ಕಡಿಮೆ; ನನಗಿರುವ ಕೊರತೆ ಏನೆಂದು ಈಗ ಗೊತ್ತಿದೆ, ಅದರ ಜೊತೆಗೆ ಬದುಕಬಲ್ಲೆ ಎಂಬುದೂ ಗೊತ್ತಾಗಿದೆ. ದಿನವೂ ಅಂಥ ಸಂಗೀತವನ್ನೇ ಕೇಳುವವರು, ಒಳ್ಳೆಯ ಆಂಪ್ಲಿಫೈಯರ್ ಮತ್ತು ಸದ್ದಿಲ್ಲದ ಕೋಣೆ ಇರುವವರು, ಇದೇ ಪರೀಕ್ಷೆ ಮಾಡಿ ಕೊಳ್ಳುವ ತೀರ್ಮಾನಕ್ಕೆ ಬಂದರೆ ಅವರದೂ ಅಷ್ಟೇ ಸರಿಯಾದ ತೀರ್ಮಾನ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಇಂಥ ವಿಮರ್ಶೆ ಪ್ರಕಟಿಸುವಾಗ, ಹೋಲಿಕೆಗೆ ಮೊದಲು ಮಟ್ಟವನ್ನು ಸರಿಹೊಂದಿಸಿದ್ದರೇ, ಯಾವ ಆಂಪ್ಲಿಫೈಯರಿನಲ್ಲಿ ಕೇಳಿದರು, ಕೋಣೆ ಎಂಥದು, ಎಷ್ಟು ದಿನ ಕೇಳಿದರು ಎಂಬುದನ್ನು ವಿಮರ್ಶಕರಿಂದ ಬರೆಯಿಸಿ. ಸೆನ್ಸಿಟಿವಿಟಿಯ ಅಂಕಿಯ ಪಕ್ಕದಲ್ಲಿ ಅದು ಮಿಲಿವ್ಯಾಟಿಗೋ ವೋಲ್ಟಿಗೋ ಎಂಬುದು ಇರಲಿ. ಆ ಮಾದರಿಗೆ ಪ್ಯಾಡ್ ಮತ್ತು ಕೇಬಲ್ ಬಿಡಿಯಾಗಿ ಸಿಗುತ್ತವೆಯೇ, ಬಳಸುವವರೇ ಅವನ್ನು ಬದಲಿಸಬಹುದೇ ಎಂಬುದಕ್ಕೂ ಒಂದು ಸಾಲು ಜಾಗ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ